ಮೊದಲು ಯಾರಿಗೆ?

ನದೀಮೂಲ, ಋಷಿಮೂಲ ಹುಡುಕಬಾರದು ಎನ್ನುತ್ತಾರೆ ಹಿರಿಯರು. ಪದಮೂಲ ಹುಡುಕಬಾರದೆಂದು ಮಾತ್ರ ಯಾರೂ ಹೇಳಿದ ಹಾಗಿಲ್ಲ. ಅದರಲ್ಲೂ ಈ ಆಸ್ಪತ್ರೆಯ ಪದಗಳಿವೆಯಲ್ಲ, ಅವು ನಮ್ಮ ಮನೆಗೆ ಬರುವುದೇ ಅವಸರದಲ್ಲಿ. ಹೊಸ್ತಿಲಲ್ಲಿ ನಿಂತು ಕುಶಲ ಕೇಳುವ ಪುರುಸೊತ್ತು ಅವಕ್ಕೂ ಇಲ್ಲ, ನಮಗೂ ಇಲ್ಲ. ‘ಶಾಕ್’, ‘ಸ್ಟ್ರೋಕ್’, ‘ಕ್ರಿಟಿಕಲ್’, ‘ಐ.ಸಿ.ಯು.’ ಎಂದು ಡಾಕ್ಟರು ಹೇಳುತ್ತಾ ಹೋದರೆ ನಾವು ತಲೆಯಾಡಿಸುತ್ತಾ ನಿಲ್ಲುತ್ತೇವೆ. ಅರ್ಥ ಕೇಳೋಣವೆಂದರೆ ಭಯ. ರೋಗಿ ಗುಣವಾಗಿ ಮನೆಗೆ ಬಂದ ಮೇಲೆ ಆ ಪದಗಳ ನೆನಪೂ ಬೇಡವೆನಿಸುತ್ತದೆ. ನನಗೇಕೋ ಹಾಗೆ ಬಿಡಲು ಮನಸ್ಸಾಗಲಿಲ್ಲ. ಬಿಡುವಾದಾಗಲೆಲ್ಲ ಒಂದೊಂದನ್ನೇ ಹಿಡಿದು ನಿಲ್ಲಿಸಿ, ‘ಯಾವೂರವಳಮ್ಮ ನೀನು, ಯಾರ ಪೈಕಿ?’ ಎಂದು ವಿಚಾರಿಸುತ್ತಾ ಹೋದೆ. ಹಲವು ಬಂದದ್ದು ಯುದ್ಧಭೂಮಿಯಿಂದ. ಕೆಲವು ನದಿಯ ದಂಡೆಯಿಂದ. ಒಂದಂತೂ ಉಣ್ಣೆ, ಕಾಫಿಬೀಜ ಆರಿಸುವ ಜಾಗದಿಂದ! ಊರು ಬೇರೆ ಬೇರೆಯಾದರೂ ಎಲ್ಲದರ ಮಡಿಲಲ್ಲೂ ಒಂದೇ ಪ್ರಶ್ನೆ ಕೂತಿತ್ತು: ಮೊದಲು ಯಾರಿಗೆ?

ಎಲ್ಲರಿಗೂ ಗೊತ್ತಿರುವ ಆಂಬುಲೆನ್ಸನ್ನೇ ಮೊದಲು ತೆಗೆದುಕೊಳ್ಳೋಣ. ಆ ಪದದ ಬುಡದಲ್ಲಿರುವುದು ‘ನಡೆ’ ಎಂಬ ಅರ್ಥದ ಲ್ಯಾಟಿನ್ ಮಾತು. ಫ್ರೆಂಚರು ಸೈನ್ಯದ ಹಿಂದೆ ಸಾಗುತ್ತಿದ್ದ ಆಸ್ಪತ್ರೆಗೆ ‘ನಡೆದಾಡುವ ಆಸ್ಪತ್ರೆ’ ಎನ್ನುತ್ತಿದ್ದರು. ಆ ‘ನಡೆದಾಡುವ’ ಎಂಬುದೇ ಆಮೇಲೆ ಗಾಡಿಯ ಹೆಸರಾಯಿತು. ನಡೆಯಲಾರದವರನ್ನು ಹೊತ್ತೊಯ್ಯುವ ವಾಹನಕ್ಕೆ ನಡಿಗೆಯ ಹೆಸರು! ಅದಕ್ಕೂ ಹಿಂದೆ, 15ನೆಯ ಶತಮಾನದ ಕೊನೆಯಲ್ಲಿ, ಸ್ಪೇನಿನ ರಾಣಿ ಇಸಬೆಲ್ಲಾ ತನ್ನ ಸೈನ್ಯದ ಜೊತೆಗೆ ಗಾಯಾಳುಗಳಿಗಾಗಿ ಡೇರೆಗಳ ಆಸ್ಪತ್ರೆಯನ್ನು ಕಳಿಸಿದ್ದಳು. ‘ರಾಣಿಯ ಆಸ್ಪತ್ರೆ’ ಎಂದೇ ಜನ ಅದನ್ನು ಕರೆದರು. ಯುದ್ಧ ಹೂಡಿದವಳೂ ಅವಳೇ, ಗಾಯಕ್ಕೆ ಬಟ್ಟೆ ಕಟ್ಟಿಸಿದವಳೂ ಅವಳೇ.

ಆದರೆ ಆ ಡೇರೆಗಳಿಗೆ ಗಾಯಾಳು ತಲುಪಬೇಕಲ್ಲ? ಮುನ್ನೂರು ವರ್ಷ ಕಳೆದರೂ ಆ ತೊಂದರೆ ತಪ್ಪಿರಲಿಲ್ಲ. ಫ್ರೆಂಚ್ ಸೈನ್ಯದಲ್ಲಿ ಆಸ್ಪತ್ರೆಯ ಗಾಡಿಗಳು ರಣರಂಗದಿಂದ ಒಂದು ಹರಿದಾರಿ ದೂರದಲ್ಲೇ ನಿಂತಿರಬೇಕೆಂದು ಕಟ್ಟಳೆ. ಕಾಳಗ ಮುಗಿದ ಮೇಲೆ ಬಿದ್ದವರನ್ನು ಹುಡುಕುವುದು, ಹೆಕ್ಕುವುದು. ಅಷ್ಟರಲ್ಲಿ ಎಷ್ಟೋ ಜನರ ರಕ್ತ ಬಸಿದು ಹೋಗಿರುತ್ತಿತ್ತು. 1792ರಲ್ಲಿ ಆ ಸೈನ್ಯಕ್ಕೆ ಸೇರಿದ ದೊಮಿನಿಕ್ ಲಾರೆ ಎಂಬ ತರುಣ ಶಸ್ತ್ರವೈದ್ಯನಿಗೆ ಇದು ಸಹಿಸಲಾಗಲಿಲ್ಲ. ಕುದುರೆಗಳು ಹಗುರವಾದ ಫಿರಂಗಿಗಳನ್ನು ಎಳೆದುಕೊಂಡು ಮಿಂಚಿನಂತೆ ಓಡುವುದನ್ನು ಅವನು ಕಂಡಿದ್ದ. ಕೊಲ್ಲುವ ಗಾಡಿ ಇಷ್ಟು ವೇಗವಾಗಿ ಬರುವುದಾದರೆ ಉಳಿಸುವ ಗಾಡಿ ಯಾಕೆ ಬರಬಾರದು? ಬಯಲಿಗೆ ಎರಡು ಚಕ್ರದ್ದು, ಗುಡ್ಡಗಾಡಿಗೆ ನಾಲ್ಕು ಚಕ್ರದ್ದು, ಒಳಗೆ ಹಾಸಿಗೆ, ಗಾಳಿಗೆ ಕಿಟಕಿ. ‘ಹಾರುವ ಆಂಬುಲೆನ್ಸ್’ ಎಂದು ಹೆಸರು. ನೆಪೋಲಿಯನ್ನನ ಜೊತೆ ಈಜಿಪ್ಟಿಗೆ ಹೋದಾಗ ಕುದುರೆಯ ಬದಲು ಒಂಟೆಯ ಎರಡೂ ಪಕ್ಕ ತೊಟ್ಟಿಲಿನಂಥ ಬುಟ್ಟಿ ಕಟ್ಟಿಸಿದನಂತೆ.

ಗಾಡಿಗಿಂತ ದೊಡ್ಡದು ಅವನು ಹಾಕಿದ ಪಂಕ್ತಿ. ಅಲ್ಲಿಯತನಕ ಪದವಿ ನೋಡಿ ಆರೈಕೆ; ದಳಪತಿಗೆ ಮೊದಲು, ಸಾಮಾನ್ಯ ಸಿಪಾಯಿಗೆ ಕೊನೆಗೆ. ಯಾರ ಗಾಯ ಹೆಚ್ಚು ಅಪಾಯದ್ದೋ ಅವನಿಗೇ ಮೊದಲು, ಅವನ ಹುದ್ದೆ ಬೇಡ, ಅವನು ಯಾವ ದೇಶದವನೆಂಬುದೂ ಬೇಡ ಎಂದು ಲಾರೆ ನಿಯಮ ಮಾಡಿದ. ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ಯಾರು ಕೂರಬೇಕೆಂಬ ಜಗಳ ಕಂಡವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ. ಸಾಲಿನ ಕ್ರಮವನ್ನು ಬದಲಾಯಿಸುವುದಕ್ಕಿಂತ ಕಷ್ಟದ ಕೆಲಸ ಲೋಕದಲ್ಲಿ ಬೇರೊಂದಿಲ್ಲ.

ಲಾರೆ ಮಾಡಿದ ಈ ಕೆಲಸಕ್ಕೆ ಆಮೇಲೆ ಅಂಟಿಕೊಂಡ ಹೆಸರು ‘ಟ್ರಿಯಾಜ್’. ದೊಡ್ಡ ಅಪಘಾತವಾದಾಗ ವೈದ್ಯರ ಬಾಯಲ್ಲಿ ಬರುವ ಮೊದಲ ಪದ ಇದೇ. ಎಷ್ಟು ಗಂಭೀರವಾಗಿ ಕೇಳಿಸುತ್ತದೆ! ಆದರೆ ಅದರ ಅರ್ಥ ‘ಆರಿಸುವುದು’ ಎಂದಷ್ಟೇ. ಮೊದಲು ಉಣ್ಣೆಯನ್ನು ಗುಣ ನೋಡಿ ಬೇರೆ ಬೇರೆ ಮಾಡುವುದಕ್ಕೆ ಈ ಮಾತಿತ್ತು. 19ನೆಯ ಶತಮಾನದ ಕಾಫಿ ವ್ಯಾಪಾರಿಗಳು ಆರಿಸಿ ಬದಿಗೆ ಹಾಕಿದ ಒಡಕು ಬೀಜಕ್ಕೆ ಇದೇ ಹೆಸರು ಹೇಳುತ್ತಿದ್ದರು. ನಮ್ಮ ಹಾಸನ, ಚಿಕ್ಕಮಗಳೂರು, ಮಂಗಳೂರಿನ ಕಾಫಿ ಕ್ಯೂರಿಂಗ್ ಶೆಡ್ಡುಗಳಲ್ಲಿ ಸಾಲಾಗಿ ಕೂತು ಕಪ್ಪುಬೀಜ, ಒಡಕುಬೀಜಗಳನ್ನು ಬೆರಳ ತುದಿಯಲ್ಲೇ ಹೆಕ್ಕಿ ತೆಗೆಯುತ್ತಿದ್ದವರು ಹೆಂಗಸರು. ಅವರ ಕೈಗಳು ಮಾಡುತ್ತಿದ್ದುದು ಟ್ರಿಯಾಜ್ ಎಂದು ಅವರಿಗೆ ಯಾರೂ ಹೇಳಿರಲಾರರು. ಅಷ್ಟು ದೂರ ಯಾಕೆ, ಮೊರದಲ್ಲಿ ಅಕ್ಕಿ ಹರವಿಕೊಂಡು ಕಲ್ಲು, ನೆಲ್ಲು ಆರಿಸಿದ ನಾವೆಲ್ಲರೂ ಆ ವಿದ್ಯೆಯಲ್ಲಿ ಪಳಗಿದವರೇ. ಮೊದಲ ಮಹಾಯುದ್ಧದಲ್ಲಿ ಫ್ರೆಂಚ್ ವೈದ್ಯರು ಗಾಯಾಳುಗಳ ರಾಶಿಯ ಮುಂದೆ ನಿಂತು ಈ ಪದವನ್ನೇ ಬಳಸಿದರು. ಅಲ್ಲಿಂದ ಅದು ಲೋಕಕ್ಕೆಲ್ಲ ಹರಡಿತು.

1983ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಆಸ್ಪತ್ರೆಯವರೂ ಅಗ್ನಿಶಾಮಕ ದಳದವರೂ ಸೇರಿ ಈ ಆರಿಸುವಿಕೆಗೆ ಸರಳವಾದ ಕ್ರಮವೊಂದನ್ನು ಹಾಕಿಕೊಟ್ಟರು. ಬಸ್ಸೊಂದು ಉರುಳಿದೆ ಎನ್ನಿ. ಬಂದವನು ಮೊದಲು ಕೂಗಿ ಹೇಳುತ್ತಾನೆ: ನಡೆಯಬಲ್ಲವರೆಲ್ಲ ಈ ಕಡೆ ಬನ್ನಿ. ಬಂದವರಿಗೆಲ್ಲ ಹಸಿರು ಚೀಟಿ. ಉಳಿದವರಲ್ಲಿ ಉಸಿರು ಹೇಗಿದೆ, ರಕ್ತ ಓಡುತ್ತಿದೆಯೇ, ಹೇಳಿದ ಮಾತು ತಿಳಿಯುತ್ತದೆಯೇ ಎಂದು ಒಬ್ಬೊಬ್ಬರಿಗೂ ಒಂದು ನಿಮಿಷದೊಳಗೆ ನೋಡಿ, ಈಗಲೇ ಬೇಕಾದವರಿಗೆ ಕೆಂಪು, ಸ್ವಲ್ಪ ತಡೆಯಬಲ್ಲವರಿಗೆ ಹಳದಿ, ಬಾಯಿ ಮೂಗಿನ ದಾರಿ ಬಿಡಿಸಿದರೂ ಉಸಿರಾಡದವರಿಗೆ ಕಪ್ಪು. ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿಯೊಂದಿದೆ. ‘ಅಯ್ಯೋ ಸತ್ತೆ’ ಎಂದು ಗಟ್ಟಿಯಾಗಿ ಕಿರುಚುವವನು ಮೊದಲಿಗನಲ್ಲ. ಕಿರುಚಲು ಅವನಿಗೆ ಉಸಿರಿದೆ, ಪ್ರಜ್ಞೆಯಿದೆ. ಮೂಲೆಯಲ್ಲಿ ಸದ್ದಿಲ್ಲದೆ ಒರಗಿರುವವಳ ಹತ್ತಿರ ಮೊದಲು ಹೋಗಬೇಕು. ಅತ್ತರೆ ತಾನೇ ಅಮ್ಮನೂ ಹಾಲು ಕೊಡುವುದು ಎಂಬ ನಮ್ಮ ಗಾದೆಯನ್ನು ಟ್ರಿಯಾಜ್ ತಲೆಕೆಳಗು ಮಾಡುತ್ತದೆ. ಅಳದವರ ಕಡೆ ನೋಡು ಎನ್ನುತ್ತದೆ.

ಇನ್ನು ‘ಶಾಕ್’. ಕನ್ನಡದಲ್ಲಿ ಈ ಪದಕ್ಕೆ ಎರಡು ಸಂಸಾರ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಿದರೆ ಶಾಕ್ ಹೊಡೆಯುತ್ತದೆ; ಕೆಟ್ಟ ಸುದ್ದಿ ಕೇಳಿದರೆ ಶಾಕ್ ಆಗುತ್ತದೆ. ಡಾಕ್ಟರು ‘ಪೇಷಂಟ್ ಶಾಕಿನಲ್ಲಿದ್ದಾರೆ’ ಎಂದರೆ, ಪಾಪ, ತುಂಬ ಹೆದರಿಬಿಟ್ಟಿದ್ದಾರೆ ಎಂದು ತಿಳಿದು ‘ಏನೂ ಆಗಿಲ್ಲ, ಧೈರ್ಯವಾಗಿರಿ’ ಎಂದು ಸಮಾಧಾನ ಹೇಳಲು ಹೋಗುವವರಿದ್ದಾರೆ. ಅದು ಮೂರನೆಯ ಸಂಸಾರ. ಗುಂಡೇಟಿನ ಗಾಯಗಳ ಬಗ್ಗೆ ಲ ದ್ರಾನ್ ಎಂಬ ಫ್ರೆಂಚ್ ವೈದ್ಯ ಬರೆದ ಪುಸ್ತಕವನ್ನು 1743ರಲ್ಲಿ ಇಂಗ್ಲಿಷಿಗೆ ತರುವಾಗ ಅನುವಾದಕ ಈ ಪದ ಹಾಕಿದ. ಮೈಗೆ ಬಿದ್ದ ಧಕ್ಕೆ ಎಂಬಷ್ಟೇ ಅರ್ಥದಲ್ಲಿ ಅದು ಹೊರಟಿತು. ಇಂದು ಅದರ ಅರ್ಥ, ಮಿದುಳು, ಮೂತ್ರಪಿಂಡ ಮುಂತಾದ ಅಂಗಗಳಿಗೆ ಬೇಕಾದಷ್ಟು ರಕ್ತ ತಲುಪುತ್ತಿಲ್ಲ ಎಂದು. ತಣ್ಣಗಾದ, ಬೆವೆತ ಕೈ, ಬಿಳಿಚಿದ ಮುಖ, ಸಣ್ಣಗೆ ವೇಗವಾಗಿ ಓಡುವ ನಾಡಿ, ಬರಬರುತ್ತಾ ಮಂಕು. ಹೆರಿಗೆಯ ಮೇಲೆ ರಕ್ತ ನಿಲ್ಲದೆ ಹೋಗಿ ಎಷ್ಟೋ ಬಾಣಂತಿಯರು ಕಣ್ಣುಮುಚ್ಚಿದ್ದು ಇದರಿಂದಲೇ. ‘ಸುಮ್ಮನೆ ಮಲಗಿದ್ದಾಳೆ, ಸುಸ್ತಾಗಿದೆ, ನಿದ್ದೆ ಮಾಡಲಿ’ ಎಂದು ಬಾಗಿಲು ಮುಚ್ಚಿದ ಕೋಣೆಗಳ ಕತೆ ನಮ್ಮ ಹಿಂದಿನ ತಲೆಮಾರಿನ ಮನೆಮನೆಯಲ್ಲೂ ಒಂದಿದೆ. ಅವಳು ಅಳಲಿಲ್ಲ, ಆದ್ದರಿಂದ ಯಾರೂ ನೋಡಲಿಲ್ಲ.

ಉಸಿರು ಕೊಡುವ ವಿದ್ಯೆಯ ಕತೆ ಸ್ವಲ್ಪ ವಿಚಿತ್ರವಾದದ್ದು. ಮುಳುಗಿದವರ ಬಾಯಿಗೆ ಬಾಯಿಟ್ಟು ಊದಿ ಎಂದು ಪ್ಯಾರಿಸಿನ ವಿಜ್ಞಾನ ಅಕಾಡೆಮಿ 1740ರಲ್ಲೇ ಹೇಳಿತ್ತು. 1767ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ, 1774ರಲ್ಲಿ ಲಂಡನ್ನಿನಲ್ಲಿ, ನೀರಿಗೆ ಬಿದ್ದವರನ್ನು ಉಳಿಸಲೆಂದೇ ಸಂಘಗಳು ಹುಟ್ಟಿದವು. ಅವರು ಹೇಳಿಕೊಟ್ಟ ಉಪಾಯಗಳಲ್ಲಿ ಹೊಗೆಸೊಪ್ಪಿನ ಹೊಗೆಯನ್ನು ಗುದದ್ವಾರದಿಂದ ಊದುವುದೂ ಒಂದಾಗಿತ್ತೆಂದರೆ ನಗಬೇಡಿ. ಆ ಕಾಲದ ದೊಡ್ಡ ದೊಡ್ಡ ವೈದ್ಯರೇ ಅದನ್ನು ನಂಬಿದ್ದರು. ಇತ್ತ, ಹುಟ್ಟಿದ ಕೂಸು ಅಳದಿದ್ದರೆ ಅದರ ಬಾಯಿಗೆ ಉಸಿರೂದುವುದು ಸೂಲಗಿತ್ತಿಯರಿಗೆ ಬಲು ಹಿಂದೆಯೇ ಗೊತ್ತಿತ್ತು. 1472ರಲ್ಲಿ ಇಟಲಿಯಲ್ಲಿ ಅಚ್ಚಾದ ಮಕ್ಕಳ ರೋಗದ ಪುಸ್ತಕವೊಂದರಲ್ಲಿ ಸೂಲಗಿತ್ತಿಗೆ ಆ ಮಾತು ಹೇಳಿದೆ. ವೈದ್ಯರಿಗೆ ಅದು ಮತ್ತೆ ನೆನಪಾಗಿ ಪ್ರಯೋಗದಿಂದ ಸಿದ್ಧವಾಗಲು 1950ರ ದಶಕ ಬರಬೇಕಾಯಿತು. ಆ ಕೆಲಸ ಮಾಡಿದವರು ಜೇಮ್ಸ್ ಎಲಾಮ್ ಮತ್ತು ಪೀಟರ್ ಸಫಾರ್. 1960ರಲ್ಲಿ ಬಾಲ್ಟಿಮೋರಿನ ಮೂವರು ಎದೆಯನ್ನು ಹೊರಗಿನಿಂದಲೇ ಒತ್ತಿ ನಿಂತ ಹೃದಯಕ್ಕೆ ರಕ್ತ ಓಡಿಸುವ ಕ್ರಮವನ್ನು ಪ್ರಕಟಿಸಿದರು. ಊದುವುದೂ ಒತ್ತುವುದೂ ಕೂಡಿ ಆದದ್ದೇ ಇಂದಿನ ಸಿ.ಪಿ.ಆರ್.

ಕಲಿಯಲು ಒಂದು ಮೈ ಬೇಕಲ್ಲ? ನಾರ್ವೆ ದೇಶದಲ್ಲಿ ಗೊಂಬೆ ಮಾಡುತ್ತಿದ್ದ ಆಸ್ಮಂಡ್ ಲೇರ್ಡಾಲ್ ಎಂಬವರು 1960ರಲ್ಲಿ ಆಳೆತ್ತರದ ಬೊಂಬೆ ಮಾಡಿಕೊಟ್ಟರು. ನೀರಿಗೆ ಬಿದ್ದು ಸಾಯುತ್ತಿದ್ದ ತಮ್ಮದೇ ಪುಟ್ಟ ಮಗನನ್ನು ಉಳಿಸಿಕೊಂಡಿದ್ದ ತಂದೆ ಅವರು. ಬೊಂಬೆಯ ಹೆಸರು ಆನ್. ಅವಳ ಮುಖವನ್ನು ಎತ್ತಿಕೊಂಡದ್ದು 19ನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸಿನ ಸೇನ್ ನದಿಯಲ್ಲಿ ಹೆಣವಾಗಿ ಸಿಕ್ಕಿದಳೆನ್ನುವ ಹೆಸರು ಗೊತ್ತಿಲ್ಲದ ಹುಡುಗಿಯೊಬ್ಬಳ ಮುಖದ ಅಚ್ಚಿನಿಂದ. ಜಗತ್ತಿನ ಕೋಟ್ಯಂತರ ಜನ ಅವಳ ತುಟಿಗೆ ಉಸಿರೂದಿ ಕಲಿತರು. ಆದರೆ ಮುಖ ಹೆಣ್ಣಿನದಾದರೂ ಎದೆ ಸಪಾಟು. ಅದರಿಂದಲೋ, ಸಂಕೋಚದಿಂದಲೋ, ಬೀದಿಯಲ್ಲಿ ಕುಸಿದ ಹೆಂಗಸಿಗೆ ಗಂಡಸಿಗಿಂತ ಕಡಿಮೆ ಸಿ.ಪಿ.ಆರ್. ಸಿಗುತ್ತದೆ ಎಂದು ಅಮೆರಿಕದ ಅಧ್ಯಯನಗಳು ಇತ್ತೀಚೆಗೆ ತೋರಿಸಿವೆ. ಮುಟ್ಟಿದರೆ ಯಾರೇನೆಂದಾರೋ ಎಂಬ ಅಳುಕು ಅಲ್ಲೇ ಹಾಗಿದ್ದರೆ, ಸೆರಗು ಸರಿದರೆ ಸಾಯುವ ನಮ್ಮಲ್ಲಿ ಹೇಗಿದ್ದೀತು? ಇದನ್ನು ಹೆಂಗಸರೇ ಕಲಿಯಬೇಕು. ಎದೆಯ ನಡುಮೂಳೆಯ ಕೆಳ ಅರ್ಧದ ಮೇಲೆ ಎರಡೂ ಕೈಯಿಟ್ಟು, ಎರಡು ಅಂಗುಲದಷ್ಟು ಇಳಿಯುವಂತೆ, ನಿಮಿಷಕ್ಕೆ 100ರಿಂದ 120 ಸಲ. ಚಪಾತಿ ಹಿಟ್ಟು ನಾದಿದ ತೋಳಿಗೆ ಅದು ಅಸಾಧ್ಯವಾದದ್ದೇನಲ್ಲ.

ಮೇಲೆ ಹೇಳಿದ ಸಫಾರ್ ಅವರ ಮಗಳು 1966ರಲ್ಲಿ ಉಬ್ಬಸ ಬಂದು ತೀರಿಕೊಂಡಳು. ಲೋಕಕ್ಕೆಲ್ಲ ಉಸಿರು ಕೊಡುವುದನ್ನು ಕಲಿಸಿದ ಅಪ್ಪನಿಗೆ ಮಗಳ ಉಸಿರು ಉಳಿಸಿಕೊಳ್ಳಲಾಗಲಿಲ್ಲ. ಆಸ್ಪತ್ರೆ ತಲುಪುವ ಮುಂಚಿನ ಹೊತ್ತೇ ಮುಖ್ಯವೆಂದು ಅವರಿಗೆ ಸುಟ್ಟ ಹಾಗೆ ತಿಳಿದಿರಬೇಕು. ಆ ದಿನಗಳಲ್ಲಿ ಅಮೆರಿಕದ ಊರುಗಳಲ್ಲೂ ರೋಗಿಯನ್ನು ಒಯ್ಯುತ್ತಿದ್ದುದು ಪೊಲೀಸ್ ವ್ಯಾನಿನಲ್ಲಿ, ಇಲ್ಲವೇ ಹೆಣ ಸಾಗಿಸುವವರ ಗಾಡಿಯಲ್ಲಿ. 1967ರಲ್ಲಿ ಪಿಟ್ಸ್‌ಬರ್ಗ್ ನಗರದ ಬಡ ಕರಿಯರ ಬಡಾವಣೆಯಲ್ಲಿ ‘ಫ್ರೀಡಂ ಹೌಸ್’ ಎಂಬ ಸೇವೆ ಹುಟ್ಟಿತು. ಕೆಲಸವಿಲ್ಲದೆ ಅಲೆಯುತ್ತಿದ್ದ ತರುಣರಿಗೆ ಸಫಾರ್ ತರಬೇತಿ ಕೊಡಿಸಿದರು. 1970ರ ದಶಕದ ನಡುವಿನಲ್ಲಿ ಅವರ ವೈದ್ಯಕೀಯ ಮುಖ್ಯಸ್ಥೆಯಾಗಿ ಬಂದವಳು ನ್ಯಾನ್ಸಿ ಕ್ಯಾರೊಲಿನ್ ಎಂಬ ಮೂವತ್ತರ ಆಸುಪಾಸಿನ ಡಾಕ್ಟರು. ಆಂಬುಲೆನ್ಸಿನಲ್ಲಿ ತಾನೇ ಕೂತು ಬೀದಿಬೀದಿ ತಿರುಗಿ ಕಲಿಸಿದಳು. 1975ರಲ್ಲಿ ನಗರಾಡಳಿತ ತನ್ನದೇ ಸೇವೆ ಶುರುಮಾಡಿ ಫ್ರೀಡಂ ಹೌಸನ್ನು ಮುಚ್ಚಿಸಿತು. ಆದರೆ 1979ರಲ್ಲಿ ಅವಳ ಪುಸ್ತಕ ಬಂತು, ‘ಎಮರ್ಜೆನ್ಸಿ ಕೇರ್ ಇನ್ ದ ಸ್ಟ್ರೀಟ್ಸ್’. ಆಂಬುಲೆನ್ಸಿನಲ್ಲಿ ಕೆಲಸ ಮಾಡುವವರ ಪಠ್ಯಪುಸ್ತಕಗಳಿಗೆಲ್ಲ ಅದು ಹಿರಿಯಕ್ಕ. ಡಾಕ್ಟರರಲ್ಲದವರಿಗೂ ಡಾಕ್ಟರರ ಪದ ತಿಳಿಯಬಹುದು, ತಿಳಿಯಬೇಕು ಎಂದು ಅವಳು ನಂಬಿದ್ದಳು. ನಮ್ಮಲ್ಲಿ ಅನುಪಮಾ ನಿರಂಜನ ಅವರು ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ ಬರೆದು ಮೈಯ ಸಂಗತಿಗಳನ್ನು ಹೆಂಗಸರ ಕೈಗೆ ಕನ್ನಡದಲ್ಲಿ ಕೊಟ್ಟದ್ದೂ ಅಂಥ ನಂಬಿಕೆಯಿಂದಲೇ ಅಲ್ಲವೇ?

ಹೆಣ್ಣಿನ ಹೆಸರೇ ಇರುವ ಒಂದು ಪದವನ್ನೂ ಹೇಳಿಬಿಡುತ್ತೇನೆ: ‘ಯೆಂಟ್ಲ್ ಸಿಂಡ್ರೋಮ್’. ಯೆಂಟ್ಲ್ ಎಂಬವಳು ಐಸಾಕ್ ಬಾಶೆವಿಸ್ ಸಿಂಗರ್ ಅವರ ಕತೆಯ ಯಹೂದಿ ಹುಡುಗಿ. ಹೆಣ್ಣುಮಕ್ಕಳಿಗೆ ಶಾಸ್ತ್ರ ಓದುವ ಅವಕಾಶವಿಲ್ಲವೆಂದು ಗಂಡುವೇಷ ಹಾಕಿ ಓದಲು ಹೋಗುತ್ತಾಳೆ. 1991ರಲ್ಲಿ ಬರ್ನಡೀನ್ ಹೀಲಿ ಎಂಬ ಹೃದ್ರೋಗದ ವೈದ್ಯೆ ಈ ಹೆಸರನ್ನು ತಂದು ವೈದ್ಯಕೀಯ ಪತ್ರಿಕೆಯಲ್ಲಿಟ್ಟರು. ಹೆಂಗಸಿನ ಹೃದಯದ ಕಾಯಿಲೆ ಗಂಡಸಿನದರ ಹಾಗೆಯೇ ಕಣ್ಣಿಗೆ ಹೊಡೆದು ಕಾಣುವತನಕ ವೈದ್ಯರು ಅವಳಿಗೆ ಅದೇ ಚಿಕಿತ್ಸೆ ಕೊಡುವುದಿಲ್ಲ ಎಂಬುದು ಅವರ ದೂರು. ಹೆಂಗಸರಿಗೂ ಎದೆನೋವು ಬರುತ್ತದೆ, ನಿಜ. ಆದರೆ ಅದರ ಜೊತೆಗೋ ಬದಲಿಗೋ ಉಸಿರು ಸಿಕ್ಕದಿರುವುದು, ವಾಕರಿಕೆ, ದವಡೆ, ಬೆನ್ನು, ಭುಜದ ನೋವು, ಹೇಳತೀರದ ಸುಸ್ತು ಬರುವುದು ಅವರಲ್ಲಿ ಹೆಚ್ಚು. ಅದಕ್ಕೆ ನಮ್ಮ ಅಡುಗೆಮನೆಗಳಲ್ಲಿರುವ ಹೆಸರೊಂದೇ: ಗ್ಯಾಸ್. ಯಜಮಾನರಿಗೆ ಎದೆ ಹಿಡಿದರೆ ಆಟೋ ಬರುತ್ತದೆ, ಮಗ ರಜ ಹಾಕುತ್ತಾನೆ. ಅಮ್ಮನಿಗೆ ಹಿಡಿದರೆ ಜೀರಿಗೆ ಕಷಾಯ, ಓಂಕಾಳು, ಒಂದು ಸೋಡಾ. ‘ಇವರದ್ದೊಂದು ಊಟವಾಗಲಿ, ಆಮೇಲೆ ನೋಡೋಣ’ ಎನ್ನುವವಳೂ ಅಮ್ಮನೇ.

ನಮ್ಮ ಬಾಯಿಮಾತಿನ ಪದಗಳನ್ನೂ ಒಮ್ಮೆ ಮೊರಕ್ಕೆ ಹಾಕಿ ಆರಿಸಬೇಕು. ‘ಹಾರ್ಟ್ ಫೇಲಾಯಿತು’ ಎಂದರೆ ನಮ್ಮಲ್ಲಿ ಹೋಗಿಯೇಬಿಟ್ಟರು ಎಂದರ್ಥ. ವೈದ್ಯರ ಬಾಯಲ್ಲಿ ಅದು ಸೋತ ಹೃದಯ ಅಷ್ಟೇ, ಔಷಧಿಯಿಂದ ವರ್ಷಗಟ್ಟಲೆ ಬದುಕಬಹುದು. ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಂಡರೆ ಹಾರ್ಟ್ ಅಟ್ಯಾಕ್, ರೋಗಿ ಮಾತಾಡುತ್ತಿರಬಹುದು. ಹೃದಯ ನಿಂತೇ ಹೋದರೆ ಕಾರ್ಡಿಯಾಕ್ ಅರೆಸ್ಟ್. ಆಗ ಎದೆ ಒತ್ತದೆ ಗತಿಯಿಲ್ಲ. ಮೂರ್ಛೆ ಎಂಬುದಂತೂ ಎಲ್ಲರಿಗೂ ಸಲ್ಲುವ ಹರಕು ಕೊಡೆ. ತಲೆ ಸುತ್ತಿ ಬಿದ್ದದ್ದೂ ಮೂರ್ಛೆ, ಕೈಕಾಲು ಸೆಳೆದುಕೊಂಡು ನೊರೆ ಬಂದದ್ದೂ ಮೂರ್ಛೆ. ಸೆಳೆತ ಬಂದವರ ಕೈಗೆ ಕಬ್ಬಿಣದ ಬೀಗದ ಕೈ ಹುಡುಕಿ ಕೊಡುವುದರಲ್ಲಿ ಹೊತ್ತು ಹೋಗುತ್ತದೆ. ಬೇಕಾದದ್ದು ಪಕ್ಕಕ್ಕೆ ಹೊರಳಿಸಿ ಮಲಗಿಸುವುದು, ಬಾಯಿಗೆ ಏನನ್ನೂ ತುರುಕದಿರುವುದು. ಲಕ್ವ ಹೊಡೆಯಿತು ಎನ್ನುತ್ತೇವೆ. ಇಂಗ್ಲಿಷಿನ ‘ಸ್ಟ್ರೋಕ್’ ಕೂಡ ಹೊಡೆತವೇ. ಹೊಡೆದವನು ದೇವರೆಂದು ಆ ಜನವೂ ನಂಬಿದ್ದರು. ರಕ್ತ ಹೆಪ್ಪುಗಟ್ಟಿ ಆದ ಲಕ್ವಕ್ಕೆ ಅದನ್ನು ಕರಗಿಸುವ ಇಂಜೆಕ್ಷನ್ ಫಲ ಕೊಡುತ್ತದೆಂದು 1995ರಲ್ಲಿ ಸಿದ್ಧವಾಯಿತು. ಆಗ ಮೂರು ಗಂಟೆಯೊಳಗೆ ಎಂದರು, 2008ರ ಹೊತ್ತಿಗೆ ನಾಲ್ಕೂವರೆ ಗಂಟೆ ಎಂದರು. ಲಕ್ವ ಎಂದೊಡನೆ ದೂರದ ಊರಿನ ಎಣ್ಣೆ ನೆನಪಾಗುವ ನಮಗೆ ಈ ಗಡಿಯಾರ ನೆನಪಾಗಬೇಕು. ನಗಿಸಿ ನೋಡಿ, ಬಾಯಿ ಸೊಟ್ಟಗಾಯಿತೇ? ಎರಡೂ ಕೈ ಎತ್ತಿಸಿ, ಒಂದು ಇಳಿಯಿತೇ? ಮಾತಾಡಿಸಿ, ತೊದಲಿತೇ? ಒಂದಾದರೂ ಹೌದಾದರೆ ಹೊರಡುವುದೇ.

ಹೈದರಾಬಾದಿನಲ್ಲಿ 2005ರಲ್ಲಿ ಶುರುವಾದ 108 ಆಂಬುಲೆನ್ಸ್ ಸೇವೆ ಕರ್ನಾಟಕಕ್ಕೆ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ 2008ರ ರಾಜ್ಯೋತ್ಸವದ ದಿನ ಬಂತು. ಅದರ ಡ್ರೈವರಿಗೆ ‘ಪೈಲಟ್’ ಎನ್ನುತ್ತಾರೆ. ಲಾರೆಯ ಹಾರುವ ಗಾಡಿಗೆ ಎಂಥ ಒಪ್ಪುವ ಹೆಸರು! ಗಾಯಾಳುವಿಗೆ ನೆರವಾದವರನ್ನು ಕಾಪಾಡುವ ಕಾನೂನನ್ನೂ ನಮ್ಮ ರಾಜ್ಯ 2016ರಲ್ಲಿ ಮಾಡಿಕೊಂಡಿತು. ಪೊಲೀಸು, ಕೋರ್ಟು ಎಂದು ಹಿಂಜರಿಯುವ ಕಾರಣ ಉಳಿದಿಲ್ಲ. ಪುನೀತ್ ರಾಜ್‌ಕುಮಾರ್ 2021ರಲ್ಲಿ ತೀರಿಕೊಂಡ ಮೇಲೆ ಅವರ ಹೆಸರಿನಲ್ಲೇ ‘ಹೃದಯ ಜ್ಯೋತಿ’ ಎಂಬ ಯೋಜನೆ 2023ರಲ್ಲಿ ಬಂದು, ಹೃದಯಾಘಾತದ ಮೊದಲ ತಾಸುಗಳ ಚಿಕಿತ್ಸೆ ಸರಕಾರಿ ತಾಲೂಕು ಆಸ್ಪತ್ರೆಗಳ ಬಾಗಿಲಿಗೂ ಬರತೊಡಗಿತು. ಇವೆಲ್ಲ ಇದ್ದೂ ಫೋನು ಎತ್ತಿಕೊಂಡವರು ‘ತುಂಬ ಸೀರಿಯಸ್ಸು, ಬೇಗ ಬನ್ನಿ’ ಎಂದಷ್ಟೇ ಹೇಳಿ ಇಟ್ಟರೆ ಆ ಕಡೆಯವರಿಗೆ ಏನು ತಿಳಿಯಬೇಕು? ದೊಡ್ಡ ಪದಗಳು ಬೇಕಿಲ್ಲ. ಎಲ್ಲಿ, ಯಾವ ಗುಡಿಯ ಹಿಂದೆ, ಯಾವ ಶಾಲೆಯ ಪಕ್ಕ. ಕರೆದರೆ ಓಗೊಡುತ್ತಾರೆಯೇ ಇಲ್ಲವೇ. ಎದೆ ಏರಿಳಿಯುತ್ತಿದೆಯೇ. ರಕ್ತ ಹೋಗುತ್ತಿದೆಯೇ. ಎಷ್ಟು ಹೊತ್ತಿಗೆ ಶುರುವಾಯಿತು. ಇಷ್ಟು ಹೇಳುವುದಕ್ಕೆ ಕನ್ನಡ ಶಾಲೆಯ ನಾಲ್ಕನೆಯ ಇಯತ್ತೆ ಸಾಕು.

ಯಾರ ಮೈ ಬಿಸಿಯಾಗಿದೆ, ಯಾರು ಊಟ ಬಿಟ್ಟರು, ಯಾವ ಮಗು ಎಂದಿನಂತಿಲ್ಲ ಎಂದು ಮನೆಯಲ್ಲಿ ದಿನವೂ ಆರಿಸುತ್ತಿರುವವರು ನಾವೇ. ಆ ಕಣ್ಣು ತಪ್ಪುವುದು ಅಪರೂಪ. ಆದರೆ ಮೊರದಲ್ಲಿ ಎಲ್ಲರನ್ನೂ ಹಾಕಿಕೊಂಡು ಕೂತವಳು ತನ್ನನ್ನು ಮಾತ್ರ ಹಾಕಿಕೊಂಡಿರುವುದಿಲ್ಲ. ತನಗೆ ತಾನೇ ಹಸಿರು ಚೀಟಿ ಕಟ್ಟಿಕೊಂಡು, ನಡೆಯಬಲ್ಲೆನಲ್ಲ ಎಂದು ಒಲೆಯ ಮುಂದೆ ನಿಂತಿರುತ್ತಾಳೆ. ಲಾರೆ ಹೇಳಿದ್ದು ಸಿಪಾಯಿಗಳಿಗೆ. ಅವನ ಮಾತು ನಮ್ಮ ಅಡುಗೆಮನೆಗೂ ಸಲ್ಲುತ್ತದೆ: ಹುದ್ದೆ ನೋಡಬೇಡಿ, ಅಪಾಯ ನೋಡಿ. ಮುಂದಿನ ಸಲ ಎಡಭುಜ ಜಗ್ಗಿ, ಬೆವರು ಕಿತ್ತು, ಉಸಿರು ಸಾಲದಾದಾಗ ಜೀರಿಗೆ ಡಬ್ಬಿಗೆ ಕೈ ಹಾಕುವ ಮೊದಲು, ಇದೇ ಲಕ್ಷಣ ಮನೆಯಲ್ಲಿ ಬೇರೆ ಯಾರಿಗಾದರೂ ಬಂದಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿಕೊಳ್ಳಿ. ಅದನ್ನೇ ಮಾಡಿ. ಕುಕ್ಕರನ್ನು ಯಾರಾದರೂ ಇಳಿಸುತ್ತಾರೆ.